ದೊಡ್ಡಮ್ಮನ ವಾಕಿಂಗು

ಬೆಂಗಳೂರಿನ ಫುಟ್‌ಪಾತನ್ನು ಬೈಯುವವರೆಲ್ಲ ಅದನ್ನು ನಡೆಯಲಿಕ್ಕೆ ಕಟ್ಟಿದ್ದಾರೆ ಅಂದುಕೊಂಡಿರುತ್ತಾರೆ. ಪಾಪ, ಅದು ಮೋರಿಯ ಮುಚ್ಚಳ. ಮಳೆನೀರಿಗೆ ಮೋರಿ ಬೇಕು, ಮೋರಿಗೆ ಚಪ್ಪಡಿ ಬೇಕು, ಚಪ್ಪಡಿ ಹೇಗೂ ಬಿದ್ದಿದೆಯಲ್ಲ ಅಂತ ಜನ ನಡೆಯುತ್ತಾರೆ. ಎಷ್ಟು ಎತ್ತರ ಇರಬೇಕೆಂದು ತೀರ್ಮಾನಿಸುವುದು ಮೋರಿಯ ಗೋಡೆ. ನಮ್ಮ ಮೊಣಕಾಲನ್ನು ಯಾರೂ ಕೇಳುವುದಿಲ್ಲ. ಹೂಳೆತ್ತಲು ಸರಿಸಿದ ಚಪ್ಪಡಿ ಮತ್ತೆ ಕೂತಾಗ ಒಂದು ಮೂಲೆ ಎದ್ದೇ ಇರುತ್ತದೆ. ಕಾಲಿಟ್ಟರೆ ‘ಧಡಕ್’. ನಮ್ಮ ಬೀದಿಯಲ್ಲಿ ಆ ಸದ್ದು ಕೇಳಿಯೇ ಹಾಲಿನವನು ಯಾರ ಮನೆ ಮುಟ್ಟಿದ ಅಂತ ಒಳಗಿನಿಂದ ಹೇಳುವವರಿದ್ದಾರೆ.

ಈ ಜ್ಞಾನ ನನಗೆ ಪ್ರಾಪ್ತವಾದದ್ದು ತೀರ್ಥಹಳ್ಳಿ ಕಡೆಯಿಂದ ದೊಡ್ಡಮ್ಮ ಬಂದು, ಎರಡೂ ಮಂಡಿ ಬದಲಾಯಿಸಿಕೊಂಡು, ನಮ್ಮ ಜಯನಗರದ ಮನೆಯಲ್ಲಿ ಉಳಿದ ಮೇಲೆ. ವಾಕರ್ ಹಿಡಿದು ದಿನಾ ನಡೆಯಬೇಕು, ಸಮತಟ್ಟಾದ ಜಾಗದಲ್ಲಿ ನಡೆಯಬೇಕು ಎಂದು ಫಿಸಿಯೋಥೆರಪಿಸ್ಟ್ ಹೇಳಿ ಕಳಿಸಿದ್ದರು. 1948ರಲ್ಲಿ ಅಡಿಗಲ್ಲು ಬಿದ್ದ ಬಡಾವಣೆ, ಅಗಲ ರಸ್ತೆ, ಸಾಲುಮರ. ಇಲ್ಲಿ ಸಮತಟ್ಟಿಗೇನು ಬರ ಅಂತ ನಾನೂ ತಲೆಯಾಡಿಸಿದ್ದೆ.

ಭಾರತೀಯ ರಸ್ತೆ ಕಾಂಗ್ರೆಸ್ ಅಂತ ಒಂದಿದೆ. ಪಕ್ಷ ಅಂದುಕೊಳ್ಳಬೇಡಿ, ರಸ್ತೆ ಎಂಜಿನಿಯರುಗಳ ಸಂಸ್ಥೆ. ಅದು 2012ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತಿನ ಅಂಚು 150 ಮಿಲಿಮೀಟರಿಗಿಂತ ಎತ್ತರ ಇರಬಾರದು, ಅಂದರೆ ಹೆಚ್ಚೂಕಡಿಮೆ ಅರ್ಧ ಅಡಿ. ನಡೆಯಲು 1.8 ಮೀಟರ್ ಅಗಲ ಖಾಲಿ ಬಿಡಬೇಕು. ನಮ್ಮ ಗೇಟಿನ ಮುಂದೆ ಟೇಪು ಹಿಡಿದರೆ ಎತ್ತರ ಒಂದೂಕಾಲು ಅಡಿ ಬಂತು. ಅಗಲವನ್ನು ಅಳೆಯಲು ಮೊದಲು ಸ್ಕೂಟರ್ ತೆಗೆಸಬೇಕಿತ್ತು. ಸ್ಕೂಟರಿನವರು ಎದುರಿನ ಅಂಗಡಿಯಿಂದಲೇ ಕೈಯೆತ್ತಿ, “ಎರಡೇ ನಿಮಿಷ ಸಾರ್!” ಅಂದರು. ಬೆಂಗಳೂರಿನ ಎರಡು ನಿಮಿಷದಲ್ಲಿ ಒಂದು ಮದುವೆಯ ಮಾತುಕತೆ ಮುಗಿಸಬಹುದು.

ಇನ್ನು ಏರಿಳಿತ. ಹಳೆ ಡಾಂಬರು ಕೆರೆಯದೆ ಅದರ ಮೇಲೇ ಹೊಸ ಡಾಂಬರು ಸುರಿಯುತ್ತಾ ಬಂದರೆ ರಸ್ತೆ ಎತ್ತರವಾಗುತ್ತಾ ಹೋಗುತ್ತದೆ. ಮಳೆನೀರು ಒಳಗೆ ನುಗ್ಗೀತೆಂದು ಹೊಸದಾಗಿ ಕಟ್ಟುವವರು ಮನೆಯನ್ನೇ ಎತ್ತರಿಸುತ್ತಾರೆ. ಎತ್ತರದ ಮನೆಗೆ ಕಾರು ಹತ್ತಬೇಕಲ್ಲ, ಫುಟ್‌ಪಾತಿನ ಮೇಲೆ ರ‍್ಯಾಂಪು. ಪಕ್ಕದ್ದು ಹಳೇ ಮನೆಯಾದರೆ ಅಲ್ಲಿ ದಿಢೀರ್ ಪಾತಾಳ. ಮಧ್ಯೆ ಹೊಂಗೆಮರ, ಅದರ ಬೇರಿಗೆ ಎದ್ದ ಕಲ್ಲು, ಟ್ರಾನ್ಸ್‌ಫಾರ್ಮರ್, ಕೇಬಲ್ಲಿನ ಸುರುಳಿ. ಇದನ್ನೆಲ್ಲ ನಿಮಗೇನು ವರ್ಣಿಸುವುದು!

ದೊಡ್ಡಮ್ಮ ಮೂರು ಮನೆ ದಾಟಿ ನಿಂತರು. “ನಮ್ಮೂರಲ್ಲಿ ಹಳ್ಳಕ್ಕೆ ಅಡಿಕೆಮರದ ಸಂಕ ಹಾಕ್ತಿದ್ರು ಮಾರಾಯ. ಅದಕ್ಕಾದ್ರೂ ಹಿಡ್ಕೊಳ್ಳಕ್ಕೆ ಒಂದು ಬಿದಿರು ಕಟ್ಟಿರೋರು.” ಅಲ್ಲಿಂದ ನಾವು ರಸ್ತೆಗಿಳಿದೆವು. ಬೆಂಗಳೂರಿನವರು ನಡೆಯುವುದು ಅಲ್ಲೇ ತಾನೆ?

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡೆತಡೆಯಿಲ್ಲದ ಫುಟ್‌ಪಾತು ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನಲ್ಲೇ ಸೇರಿದೆ, ಅಂಗವಿಕಲರೂ ಅದನ್ನು ಬಳಸುವಂತಿರಬೇಕು ಎಂದಿತಲ್ಲ, ಅದನ್ನು ಸಮಾಧಾನಕ್ಕೆಂದು ಹೇಳಿದೆ. “ಸರಿಯಾಗೇ ಹೇಳಿದಾರೆ, ಇದು ಜೀವದ ಪ್ರಶ್ನೆನೇ” ಅಂದರು ದೊಡ್ಡಮ್ಮ, ಹಿಂದಿನಿಂದ ಬಂದ ನೀರಿನ ಟ್ಯಾಂಕರಿಗೆ ದಾರಿ ಬಿಡುತ್ತಾ.

ಮೇನ್ ರೋಡಿನ ಫುಟ್‌ಪಾತು ಮಾತ್ರ ಹೊಸದಾಗುತ್ತಿತ್ತು. ಹಳದಿ ಬಿಲ್ಲೆ ಬೇರೆ! ಜಪಾನಿನ ಸೆಯಿಚಿ ಮಿಯಾಕೆ ಎಂಬಾತ 1965ರಲ್ಲಿ ಅಂಧರಿಗಾಗಿ ಕಂಡುಹಿಡಿದು, 1967ರಲ್ಲಿ ಒಕಯಾಮ ನಗರದ ಅಂಧರ ಶಾಲೆಯ ಬಳಿ ಮೊದಲು ಹಾಸಿಸಿದ ಬಿಲ್ಲೆ ಅದು. ಕಾಲಿಗೆ ಉದ್ದ ಗೆರೆ ಸಿಕ್ಕರೆ ಮುಂದೆ ನಡಿ, ಉಬ್ಬು ಚುಕ್ಕಿ ಸಿಕ್ಕರೆ ನಿಲ್ಲು, ಹುಷಾರು. ನಮ್ಮಲ್ಲಿ ಮೇಸ್ತ್ರಿ ಒಂದು ಗೆರೆ, ಒಂದು ಚುಕ್ಕಿ, ಒಂದು ಗೆರೆ, ಒಂದು ಚುಕ್ಕಿ ಎಂದು ದಾರ ಹಿಡಿದು ಬಹಳ ಮುತುವರ್ಜಿಯಿಂದ ಕೂರಿಸುತ್ತಿದ್ದ.

“ಯಾಕಪ್ಪಾ ಹೀಗೆ?”

“ಎರಡು ಡಿಸೈನ್ ಕೊಟ್ಟವ್ರೆ ಸಾರ್. ಒಂದನ್ನೇ ಹಾಕ್ಕೊಂಡು ಹೋದ್ರೆ ನೋಡೋಕೆ ಚೆಂದಾಗಿರಲ್ಲ.”

ಕಣ್ಣಿಲ್ಲದವರಿಗೆಂದು ಹಾಸುವ ಬಿಲ್ಲೆ ನೋಡಲು ಚೆಂದವಿರಬೇಕು! ಪಾಪದವನು ಇದನ್ನು ನಂಬಿ ಹೊರಟರೆ ನಡಿ, ನಿಲ್ಲು, ನಡಿ, ನಿಲ್ಲು ಎಂದು ಎನ್‌ಸಿಸಿ ಕವಾಯತು ಮಾಡಿಕೊಂಡೇ ಹೋಗಬೇಕು. ನಿಜವಾಗಿ ನಿಲ್ಲಬೇಕಾದದ್ದು ಮುಂದಿನ ಮಾವಿನಮರದ ಹತ್ತಿರ. ಅಲ್ಲಿ ಚುಕ್ಕಿ ಮುಗಿದುಹೋಗಿದ್ದವೇನೋ, ಬರೀ ಗೆರೆಗಳು ಸೊಗಸಾಗಿ ಬುಡದೊಳಕ್ಕೇ ಹೊಕ್ಕಿದ್ದವು.

ರಸ್ತೆಯಾಚೆ ಪಾರ್ಕು. ನಡುವೆ ಜೀಬ್ರಾ ಪಟ್ಟೆ. ಈ ಕಡೆ ಅದು ಶುರುವಾಗುವುದು ಎಳನೀರಿನ ಗಾಡಿಯ ಅಡಿಯಿಂದ, ಆ ಕಡೆ ಮುಗಿಯುವುದು ಪಾರ್ಕಿನ ಗೇಟಿನಿಂದ ಹತ್ತು ಮಾರು ಆಚೆಗಿನ ಕಬ್ಬಿಣದ ಕಂಬಿಗೆ. ಪಟ್ಟೆ ಕಂಡು ಯಾವ ವಾಹನವೂ ನಿಲ್ಲುವುದಿಲ್ಲ, ನಿಲ್ಲಿಸುವುದು ಕೈ. ದೇವಸ್ಥಾನದಲ್ಲಿ ದೇವರು ನಮಗೆ ತೋರುವ ಅಭಯಹಸ್ತವನ್ನೇ ನಾವು ಇಲ್ಲಿ ಆಟೋದವನಿಗೆ ತೋರುತ್ತೇವೆ. ಅಭಯ ಮಾತ್ರ ನಮಗೇ ಬೇಕಾಗಿರುತ್ತದೆ. ದೊಡ್ಡಮ್ಮನ ಎರಡೂ ಕೈ ವಾಕರಿನ ಮೇಲಿತ್ತಾದ್ದರಿಂದ ಅವರ ಪಾಲಿನದನ್ನೂ ನಾನೇ ತೋರಿಸಿದೆ. ದಾಟಿದೆವು. ಪಾರ್ಕಿನ ಗೇಟಿನಲ್ಲಿ ಸ್ಕೂಟರು, ದನ ನುಗ್ಗದಂತೆ ಕಬ್ಬಿಣದ ಕೊಳವೆಗಳನ್ನು ಅಂಕುಡೊಂಕಾಗಿ ನೆಟ್ಟಿದ್ದರು. ವಾಕರೂ ನುಗ್ಗಲಿಲ್ಲ. ಒಳಗೆ ಆರೋಗ್ಯವಂತರು ಪ್ರದಕ್ಷಿಣೆ ಹಾಕುತ್ತಿದ್ದರು. ನಡೆಯಲೆಂದು ಅವರು ಮನೆಯಿಂದ ಓಡಿಸಿಕೊಂಡು ಬಂದಿದ್ದ ಕಾರುಗಳು ಹೊರಗೆ ಫುಟ್‌ಪಾತಿನ ಮೇಲೆ ಸಾಲಾಗಿ ನಿಂತಿದ್ದವು.

ವಾಪಸು ಬರುವಾಗ ದೊಡ್ಡಮ್ಮ ಮೂಲೆಮನೆಯ ಮುಂದೆ ತಡೆದರು. ಆ ಮನೆಯವರದು ತೀರಾ ತಗ್ಗಿನ, ದುಬಾರಿ ಕಾರು. ಹೊಟ್ಟೆ ನೆಲಕ್ಕೆ ಉಜ್ಜಬಾರದೆಂದು ರ‍್ಯಾಂಪನ್ನು ರಸ್ತೆಯವರೆಗೂ ಎಳೆದು, ನುಣ್ಣಗೆ, ಓರೆಯೇ ಗೊತ್ತಾಗದಂತೆ ಮಾಡಿಸಿದ್ದಾರೆ. ಗಾಲಿಕುರ್ಚಿಯವರಿಗೆ ಒಂದಡಿ ಏರಲು ಹನ್ನೆರಡಡಿ ಉದ್ದದ ಇಳಿಜಾರು ಕೊಡಿ ಎಂಬುದು ನಿಯಮ. ಇಡೀ ಬೀದಿಯಲ್ಲಿ ಅದನ್ನು ಪಾಲಿಸಿದ್ದು ಇದೊಂದೇ, ಅದೂ ಕಾರಿನ ಹೊಟ್ಟೆಯ ದೆಸೆಯಿಂದ, ಸಾರ್ವಜನಿಕ ಜಾಗವನ್ನು ನುಂಗಿ. ದೊಡ್ಡಮ್ಮನಿಗೆ ಆ ತಕರಾರೆಲ್ಲ ಬೇಡವಾಗಿತ್ತು. ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಮೇಲೆ ಹೋಗಿ ವಾಕರಿಗೆ ಒರಗಿ ದಣಿವಾರಿಸಿಕೊಳ್ಳುವಾಗ ಸೆಕ್ಯುರಿಟಿಯವನು ಗೇಟು ತೆರೆದು ಬಂದ. ಗೋಡೆಯ ‘ನೋ ಪಾರ್ಕಿಂಗ್’ ಬೋರ್ಡನ್ನೂ ವಾಕರನ್ನೂ ಒಂದೇ ಬೆರಳಲ್ಲಿ ತೋರಿಸಿ, “ಅಜ್ಜಿ, ಇಲ್ಲಿ ನಿಲ್ಸಂಗಿಲ್ಲ” ಅಂದ.

“ಎರಡೇ ನಿಮಿಷ ಮಾರಾಯ, ತೆಗೀತೀನಿ” ಅಂದರು ದೊಡ್ಡಮ್ಮ.