ಮನೆಮಂದಿಯೆಲ್ಲ ಎರಡನೇ ಕ್ಲಾಸು

ನಾನು ಓದುವ ಕಾಲದಲ್ಲಿ ಶಾಲೆಯಿಂದ ಮನೆಗೆ ಸುದ್ದಿ ಬಂತೆಂದರೆ ಅದು ದೂರೇ. ಮೇಷ್ಟ್ರು ಅಕ್ಕಿಹೆಬ್ಬಾಳು ಸ್ಟೇಷನ್ನಿನಲ್ಲಿ ಅರಸೀಕೆರೆ ಗಾಡಿಗೆ ಕಾಯುವಾಗ ಅಪ್ಪನನ್ನು ಕಂಡು ‘ನಿಮ್ಮ ಹುಡುಗ...’ ಎಂದು ಶುರುಮಾಡಿದರೆ, ಆ ವಾಕ್ಯದ ಉಳಿದರ್ಧ ಸಂಜೆ ನನ್ನ ಬೆನ್ನಿನ ಮೇಲೆ ಮುಗಿಯುತ್ತಿತ್ತು.

ಈಗ ಕಾಲ ಬದಲಾಗಿದೆ. ಮಗಳ ಎರಡನೇ ಕ್ಲಾಸಿನ ವಾಟ್ಸಾಪ್ ಗ್ರೂಪು ನಮ್ಮ ಹೇಮಾವತಿ ನಾಲೆಯಂತಲ್ಲ. ಇದಕ್ಕೆ ಕಟ್ಟು ಪದ್ಧತಿಯಿಲ್ಲ, ವರ್ಷವಿಡೀ ಹರಿಯುತ್ತದೆ. ಶಾಲಾ ಪ್ರಾರಂಭೋತ್ಸವ, ಜಂತುಹುಳದ ಮಾತ್ರೆ, ಎಫ್‌ಎ ಒನ್, ಎಸ್‌ಡಿಎಂಸಿ ಸಭೆ, ಕೊನೆಗೆ ‘ಆಧಾರ್ ಜೆರಾಕ್ಸ್ ಕೊಡದಿರುವವರು ಕೂಡಲೇ ಕೊಡುವುದು’. ಅದಕ್ಕೂ ಮೂವರು ಚಪ್ಪಾಳೆಯ ಚಿತ್ರ ಹಾಕಿರುತ್ತಾರೆ. ಯಾರ ಮಗುವಿನ ಹೆಸರೂ ಬರದಿದ್ದರೆ ಸರಿ, ಒಳ್ಳೆಯ ಸುದ್ದಿಯೇ.

ಮಗಳು ತರುವ ವಾರ್ತೆ ಬೇರೆ. ‘ಇವತ್ತು ಏನು ಕಲಿಸಿದ್ರೇ?’ ಅಂದರೆ ‘ಮೊಟ್ಟೆ’ ಅನ್ನುತ್ತಾಳೆ. ಶಾಲೆಯಲ್ಲಿ ಹಾಲು 2013ರ ಆಗಸ್ಟಿನಿಂದ ಬಂದದ್ದು, ಮೊಟ್ಟೆ 2024ರಿಂದ ವಾರಕ್ಕೆ ಆರು ದಿನವಾಯಿತು. ತಿನ್ನದವರಿಗೆ ಬಾಳೆಹಣ್ಣು. ಇವಳ ಪ್ರಕಾರ ಪಾಠವೆಲ್ಲ ಇದರ ನಡುನಡುವೆ ಬರುವ ಬಿಡುವು. ಅರ್ಧ ಮೊಟ್ಟೆಗೆ ಎಷ್ಟು ಬಾಳೆಹಣ್ಣು ಎಂಬ ಲೆಕ್ಕ ಇವಳಿಗೆ ಯಾವ ಕೂಡುವ ಲೆಕ್ಕಕ್ಕಿಂತಲೂ ಚೆನ್ನಾಗಿ ಬರುತ್ತದೆ.

ಒಂದು ಸಂಜೆ ಓಡಿಬಂದವಳೇ, ‘ಅಜ್ಜೀ, ನಾನು ನಾಕನೇ ತಟ್ಟೆಗೆ ಬಂದೆ!’ ಅಂದಳು. ಸೊಪ್ಪು ಬಿಡಿಸುತ್ತಿದ್ದ ಅವ್ವ ಗಾಬರಿಯಾಗಿ, ‘ಅಷ್ಟೊಂದು ಉಂಡ್ರೆ ಹೊಟ್ಟೆ ನೋಯಾಕಿಲ್ವೇನೇ?’ ಅಂತ ಅವಳ ಹೊಟ್ಟೆ ಮುಟ್ಟಿ ನೋಡಿದಳು. ನಲಿಕಲಿಯಲ್ಲಿ ಮಕ್ಕಳು ಬೆಂಚಿನ ಸಾಲಿನಲ್ಲಿ ಕೂರುವುದಿಲ್ಲ. ಗುಂಪು ಗುಂಪಾಗಿ ಕೂರುತ್ತಾರೆ, ಆ ಗುಂಪಿಗೇ ತಟ್ಟೆ ಅನ್ನುವುದು. ಮೊದಲ ತಟ್ಟೆಯವರಿಗೆ ಮಿಸ್ಸು ಪಕ್ಕದಲ್ಲೇ ಕೂತು ಹೇಳಿಕೊಡಬೇಕು. ಆಮೇಲಾಮೇಲೆ ಗೆಳೆಯರ ಸಹಾಯ ಸಾಕು. ಕೊನೆಯ ತಟ್ಟೆಯವರು ತಾವೇ ಕಲಿಯುತ್ತಾರೆ. 1995ರಲ್ಲಿ ಪಕ್ಕದ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಪದ್ಧತಿ ಇದು ಅಂತೆಲ್ಲ ನಾನು ವಿವರಿಸಿದೆ. ಅವ್ವ ಎಲ್ಲ ಕೇಳಿ, ‘ಸರಿ, ಊಟ ಮಾಡಿದ್ಲೋ ಇಲ್ವೋ?’ ಅಂದಳು.

ನಿಜವಾದ ಪರೀಕ್ಷೆ ಇರುವುದು ಗ್ರೂಪಿನಲ್ಲಿ ಬರುವ ‘ಮುಂದಿನ ಚಟುವಟಿಕೆ’ಗಳಲ್ಲಿ. ತಿಂಗಳ ಮೂರನೇ ಶನಿವಾರ ಸಂಭ್ರಮ ಶನಿವಾರ. ಅವತ್ತು ಬ್ಯಾಗಿನ ಹೊರೆಯಿಲ್ಲ. ಆದರೆ ಹಿಂದಿನ ರಾತ್ರಿ ಗ್ರೂಪಿನಲ್ಲಿ ಪಟ್ಟಿ ಬರುತ್ತದೆ: ಐದು ಬಗೆಯ ಕಾಳು, ಒಣಗಿದ ಎಲೆ, ಹಳೇ ಲಗ್ನಪತ್ರಿಕೆ, ಖಾಲಿ ಬೆಂಕಿಪೊಟ್ಟಣ. ಅವ್ವ ಮಡಕೆಗಳಿಗೆಲ್ಲ ಕೈಹಾಕಿ ಅವರೆ, ಹುರುಳಿ, ಅಲಸಂದೆ, ಹೆಸರು ತೆಗೆದಳು. ಐದನೆಯದಕ್ಕೆ ನನ್ನನ್ನು ಅಂಗಡಿಗೆ ಓಡಿಸಿದಳು. ಬೆಂಕಿಪೊಟ್ಟಣದ ಕಡ್ಡಿಗಳನ್ನು ಲೋಟಕ್ಕೆ ಸುರಿದು ಖಾಲಿ ಮಾಡಿದ್ದಾಯಿತು. ಬೆಳಗ್ಗೆ ಮಗಳು ಎರಡು ಕೈಯಲ್ಲಿ ಎರಡು ಕವರು, ಕಂಕುಳಲ್ಲೊಂದು ರಟ್ಟು ಹಿಡಿದು, ಬ್ಯಾಗಿಲ್ಲದೆ ಹಗುರಾಗಿ ಹೊರಟಳು.

ಪ್ರತಿಭಾ ಕಾರಂಜಿಯ ಮಣ್ಣಿನ ಮಾದರಿಯಂತೂ ಮನೆಯ ಮಾನದ ಪ್ರಶ್ನೆಯಾಯಿತು. ಹೊಳೆಯ ದಂಡೆಯಿಂದ ಜೇಡಿಮಣ್ಣು ತಂದವನು ನಾನು. ಕಲ್ಲು ಆರಿಸಿ, ಕಲಸಿ ಹದ ಮಾಡಿದವಳು ನನ್ನ ಹೆಂಡತಿ. ಹೇಮಾವತಿಯ ರೈಲು ಸೇತುವೆ, ಅದರ ಮೇಲೊಂದು ಎಂಜಿನ್ ಅಂತ ನಾನು ನಕ್ಷೆ ಬರೆದೆ. ಲಕ್ಷ್ಮೀನರಸಿಂಹಸ್ವಾಮಿ ಗುಡಿಯ ಗೋಪುರವೇ ಆಗಬೇಕು ಅಂತ ಅವ್ವ ಹಟ ಹಿಡಿದಳು. ಮೂರು ರಾತ್ರಿ ತಾಲೀಮು. ಮಗಳು ಮಾತ್ರ ಮೂಲೆಯಲ್ಲಿ ಕೂತು ನಮ್ಮ ಕಿತ್ತಾಟ ನೋಡುತ್ತಿದ್ದಳು.

ಸ್ಪರ್ಧೆಯ ದಿನ ಕಿಟಕಿಯ ಆಚೆ ನಿಂತು ಇಣುಕಿದೆವು. ಮಗಳು ಮಣ್ಣನ್ನೆಲ್ಲ ಒಂದೇ ಉಂಡೆ ಮಾಡಿ ಅಂಗೈಯಲ್ಲಿ ಹೊರಳಿಸಿ ಹೊರಳಿಸಿ ನುಣುಪು ಮಾಡಿದಳು. ಹೆಬ್ಬೆರಳಿನಿಂದ ನೆತ್ತಿಗೊಂದು ಗುಳಿ ಒತ್ತಿದಳು. ಪಕ್ಕದಲ್ಲಿ ಚಿಕ್ಕದೊಂದು ಉಂಡೆ ಇಟ್ಟಳು. ತೀರ್ಪುಗಾರರು ಬಗ್ಗಿ ಕೇಳಿದರು. ‘ಮುದ್ದೆ ಸಾ. ಗುಳೀಲಿ ತುಪ್ಪ. ಅದು ಮೊಟ್ಟೆ’ ಅಂದಳು. ಮಂಡ್ಯ ಜಿಲ್ಲೆಯಲ್ಲಿ ಮುದ್ದೆಗೆ ನಂಬರು ಕೊಡದಿರುವ ತೀರ್ಪುಗಾರರು ಇನ್ನೂ ಹುಟ್ಟಬೇಕಷ್ಟೆ. ಮೂರನೇ ಬಹುಮಾನ ಬಂತು. ಮಣ್ಣು ತಂದವನು ನಾನು ಅಂತ ಊರೆಲ್ಲ ಹೇಳಿಕೊಂಡು ಬಂದೆ.

ಅಪ್ಪನ ಕಾಲದಲ್ಲಿ ಶಾಲೆಯ ಹೊಸಿಲು ತುಳಿಯದ ಅವ್ವ ಈಗ ಪೋಷಕರ ಸಭೆಗೆ ನಮಗಿಂತ ಮೊದಲೇ ಸೀರೆ ಉಟ್ಟು ರೆಡಿ. ತನ್ನನ್ನು ಯಾವ ಶಾಲೆಯೂ ಕರೆದಿರಲಿಲ್ಲ. ಈಗ ‘ತಪ್ಪದೆ ಬನ್ನಿ’ ಅಂತ ಮೊಬೈಲಿಗೇ ಕರೆ ಬರುವಾಗ ಹೋಗದಿರುವುದು ಹೇಗೆ? ಮೊನ್ನೆಯ ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕೂತಳು. ಮಿಸ್ಸು ನಯವಾಗಿ, ‘ಮಗು ಚೆನ್ನಾಗಿ ಕಲೀತಿದೆ. ಐದನೇ ತಟ್ಟೆಗೆ ಬಂದಿದ್ದಾಳೆ, ಅವಳ ಪಾಡಿಗೆ ಅವಳು ಕಲೀತಾಳೆ. ಮನೇಲಿ ಸ್ವಲ್ಪ ಕಡಿಮೆ ಸಹಾಯ ಮಾಡಿ’ ಅಂದರು.

ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ‘ಅವಳ ಇಚಾರ ಬುಡಿ ಮಿಸ್ಸೇ. ನಾವು ಯಾವ ತಟ್ಟೇಲಿದ್ದೀವಿ, ಅದ ಯೋಳಿ.’