ಬೆಳಿಗ್ಗೆ ಅಂಕಣ, ಆಮೇಲೆ ಕೊಲೆ

ಅಂಕಣ ಬರೆಯುವವರ ಹೊಟ್ಟೆಯೊಳಗೆ ಒಂದು ಸಂಕಟ ಕೂತೇ ಇರುತ್ತದೆ ಅನ್ನಿ. ಯಾವನೋ ಪುಢಾರಿಯನ್ನು ಬೆಳಿಗ್ಗೆ ಪೇಪರಿನಲ್ಲಿ ಚೆನ್ನಾಗಿ ಉಗಿದಿರುತ್ತಾರೆ. ಮಧ್ಯಾಹ್ನ ಅದೇ ಪುಢಾರಿ ಹಾರ ಹಾಕಿಸಿಕೊಂಡು ಟೇಪು ಕತ್ತರಿಸುತ್ತಿರುತ್ತಾನೆ. ಉಗಿದದ್ದೆಲ್ಲ ಎಲ್ಲಿ ಹೋಯಿತೋ, ಅಲ್ವಾ?

ಈ ಸಂಕಟಕ್ಕೆ ಕಾದಂಬರಿಯಲ್ಲಿ ಮದ್ದು ಕಂಡುಕೊಂಡವನು ಫ್ಲಾರಿಡಾದ ನಮ್ಮ ಕಾರ್ಲ್ ಹಯಾಸನ್. 1985ರಿಂದ 2021ರವರೆಗೆ 'ಮಯಾಮಿ ಹೆರಾಲ್ಡ್'ನಲ್ಲಿ ಅಂಕಣ ಬರೆದ. ಜೌಗು ನೆಲಕ್ಕೆ ಮಣ್ಣು ತುಂಬಿ ಸೈಟು ಮಾಡುವವರು, ಅವರಿಂದ ಕಾಸು ತಿನ್ನುವವರು, ಇವರೇ ಅವನ ಖಾಯಂ ಗಿರಾಕಿಗಳು. ಅಂಕಣ ಶುರುವಾದ ಮರುವರ್ಷವೇ 'ಟೂರಿಸ್ಟ್ ಸೀಸನ್' ಕಾದಂಬರಿ ಬಂತು. ಅದಕ್ಕೂ ಮುಂಚೆ ಆಫೀಸಿನ ಗೆಳೆಯ ಬಿಲ್ ಮೊಂಟಾಲ್ಬಾನೊ ಜೊತೆ ಸೇರಿ ಮೂರು ಬರೆದಿದ್ದ, ಅವು ಹಾಗಿರಲಿ. ಒಬ್ಬನೇ ಬರೆದ ಈ ಮೊದಲ ಪುಸ್ತಕದಲ್ಲಿ ಕೊಲೆಗಳನ್ನು ಮಾಡಿಸುವವನು ಯಾರು ಅಂತೀರಿ? ಮಯಾಮಿಯ ಒಬ್ಬ ಅಂಕಣಕಾರ! ಪ್ರವಾಸಿಗರನ್ನು ಹೆದರಿಸಿ ಓಡಿಸಿಬಿಟ್ಟರೆ ಫ್ಲಾರಿಡಾ ಉಳಿಯುತ್ತದೆ ಅನ್ನುವುದು ಅವನ ಲೆಕ್ಕ. ಸಾಯುವವರಲ್ಲಿ ಒಬ್ಬ ವಾಣಿಜ್ಯ ಮಂಡಳಿಯ ಯಜಮಾನ. ಹೆಣ ಸೂಟ್‌ಕೇಸಿನಲ್ಲಿ, ಗಂಟಲಲ್ಲಿ ರಬ್ಬರಿನ ಆಟದ ಮೊಸಳೆ. ಸ್ವಂತ ಕಸುಬಿನವನನ್ನೇ ಖಳನಾಗಿಸುವುದಕ್ಕೆ ಗುಂಡಿಗೆ ಬೇಕು ಸ್ವಾಮಿ.

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರು ರಿಟೈರಾದ ಮೇಷ್ಟ್ರಿದ್ದರು. ಚರಂಡಿ ಬಗ್ಗೆ ಪೇಪರಿಗೆ ಪತ್ರ ಬರೆದೂ ಬರೆದೂ ಬೆರಳು ಸವೆಸಿಕೊಂಡವರು. ಚರಂಡಿ ಮಾತ್ರ ಅಲ್ಲಾಡಲಿಲ್ಲ. "ನಾನೇನಾದ್ರೂ ಕಾದಂಬರಿ ಬರೆದ್ರೆ ಕಣಯ್ಯ, ಆ ಕಂಟ್ರಾಕ್ಟರು ಮೊದಲನೇ ಪುಟದಲ್ಲೇ ಅದರೊಳಗೆ ಬೀಳ್ತಾನೆ" ಅನ್ನೋರು. ಬರೆಯಲೇ ಇಲ್ಲ ಪುಣ್ಯಾತ್ಮರು. ಬರೆದಿದ್ದರೆ ಒಂದು ಪ್ರತಿ ನಾನಂತೂ ದುಡ್ಡು ಕೊಟ್ಟೇ ಕೊಳ್ಳುತ್ತಿದ್ದೆ.

ಎಲ್ಲಿದ್ದೆವು? ಹ್ಞಾಂ, ಹಯಾಸನ್. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರು ಇವನ ಹತ್ತಿರ ಹೋದರೆ ಸ್ವಲ್ಪ ಪೆಚ್ಚಾಗುತ್ತಾರೆ. ಕೊಂದವನು ಯಾರು ಅಂತ ಇವನು ಬಹಳ ಹೊತ್ತು ಮುಚ್ಚಿಡುವುದಿಲ್ಲ. ಕಳ್ಳ ಯಾರೆಂದು ಊರಿಗೇ ಗೊತ್ತು, ಅವನಿಗೆ ಶಾಸ್ತಿ ಹೇಗೆ ಆಗುತ್ತದೆ ಅನ್ನುವುದಷ್ಟೇ ಕುತೂಹಲ. ಪತ್ತೇದಾರಿಕೆ ಅಂತ ನೋಡಿದರೆ ತೆಳುವೇ. ನಾಲ್ಕು ಪುಸ್ತಕ ಓದಿದ ಮೇಲೆ ಯಾರಿಗೆ ಯಾವ ಗತಿ ಅಂತ ಅಂದಾಜೂ ಸಿಕ್ಕಿಬಿಡುತ್ತದೆ. ಆದರೆ ಆ ವಿಚಿತ್ರಗಳಿವೆಯಲ್ಲ! 'ಸ್ಕಿನ್ ಟೈಟ್'ನಲ್ಲಿ ಬಾಡಿಗೆ ಕೊಲೆಗಾರನೊಬ್ಬನ ಕೈಯನ್ನು ಬ್ಯಾರಕುಡಾ ಮೀನು ಕಚ್ಚಿಕೊಂಡು ಹೋಗುತ್ತದೆ. ಅವನು ಆ ಜಾಗಕ್ಕೆ ಕಳೆ ಕತ್ತರಿಸುವ ಮೆಷೀನು ಕಟ್ಟಿಕೊಳ್ಳುತ್ತಾನೆ. ಕೊಲೆ ಗಿಲೆ ಎಲ್ಲ ಸರಿ, ಇವನು ಅಂಗಿ ಗುಂಡಿ ಹೇಗೆ ಹಾಕಿಕೊಳ್ಳುತ್ತಾನೆ ಅಂತ ನನಗೆ ಚಿಂತೆ!

ಹಯಾಸನ್‌ನ ಹಲವು ಕಾದಂಬರಿಗಳಲ್ಲಿ ಸ್ಕಿಂಕ್ ಅಂತ ಒಬ್ಬ ಬರುತ್ತಾನೆ. ಒಂದು ಕಾಲದಲ್ಲಿ ಫ್ಲಾರಿಡಾದ ಗವರ್ನರು, ಅಂದರೆ ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ. ಲಂಚಕ್ಕೆ ಬಗ್ಗದೆ, ವ್ಯವಸ್ಥೆಯ ಜೊತೆ ಏಗಲಾರದೆ, ಕುರ್ಚಿ ಬಿಟ್ಟು ಕಾಡು ಸೇರಿದ. ಊಟಕ್ಕೆ? ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸತ್ತ ಪ್ರಾಣಿಗಳು. ಪ್ರಾಮಾಣಿಕ ರಾಜಕಾರಣಿ ಹೊಟ್ಟೆ ಹೊರೆಯಬೇಕಾದರೆ ಇದೇ ದಾರಿ ಅಂತ ಹಯಾಸನ್ ಹೇಳುತ್ತಿದ್ದಾನೋ ಏನೋ, ಯಾರಿಗೆ ಗೊತ್ತು.

2020ರ 'ಸ್ಕ್ವೀಝ್ ಮಿ'ಯಲ್ಲಂತೂ ಪಾಮ್ ಬೀಚಿನ ಶ್ರೀಮಂತ ಮುದುಕಿಯನ್ನು ಹೆಬ್ಬಾವು ನುಂಗುತ್ತದೆ. ಅತಿಯಾಯಿತು ಅಂತೀರಾ? ಎವರ್‌ಗ್ಲೇಡ್ಸ್ ಜೌಗಿನ ತುಂಬ ಬರ್ಮಾ ಹೆಬ್ಬಾವುಗಳಿರುವುದು ನಿಜವೇ ಕಣ್ರೀ. ಮನೆಯಲ್ಲಿ ಸಾಕಲೆಂದು ತರಿಸಿ, ಬೆಳೆದು ಉದ್ದವಾದ ಮೇಲೆ ಜನ ತಂದು ಬಿಟ್ಟವು, ಹೇಗೋ ತಪ್ಪಿಸಿಕೊಂಡವು, ಈಗ ಅಲ್ಲೇ ಸಂಸಾರ ಹೂಡಿವೆ. ಅಂಥ ಊರಿನ ಪೇಪರಿನಲ್ಲಿ ಮೂವತ್ತೈದು ವರ್ಷ ಅಂಕಣ ಬರೆದವನಿಗೆ ಕಥೆ ಹುಡುಕುವ ಕಷ್ಟ ಎಲ್ಲಿಯದು? ಅಂಕಣದ ಅಳತೆಗೆ ಹಿಡಿಸದೆ ಉಳಿದದ್ದನ್ನು ಕಾದಂಬರಿಗೆ ಸುರಿದರಾಯಿತು.

ಓದುವ ಮನಸ್ಸಿದ್ದರೆ 'ಟೂರಿಸ್ಟ್ ಸೀಸನ್'ನಿಂದಲೇ ಶುರು ಮಾಡಿ. ಊಟಕ್ಕೆ ಕೂತಾಗ ಮಾತ್ರ ಬೇಡ.