ಜನವರಿಯ ಅತಿಥಿಗೆ ಜೂನ್ ತಿಂಗಳ ಆಮಂತ್ರಣ

ಸನ್ಮಾನ್ಯ ರಸ್ತೆ ಸುರಕ್ಷತಾ ಮಾಸ ಅವರಿಗೆ,

ಬಾಗಲಕೋಟೆ ಜಿಲ್ಲೆಯಲ್ಲಿ ಸೈಕಲ್ ತುಳಿದು ಶಾಲೆಗೆ ಹೋಗುವ ಮಕ್ಕಳ ಪರವಾಗಿ ಶರಣು ಶರಣಾರ್ಥಿ.

ವರ್ಷಕ್ಕೊಮ್ಮೆ, ಜನವರಿಯಲ್ಲಿ, ತಪ್ಪದೆ ದಯಮಾಡಿಸುತ್ತೀರಿ. ಮೊದಲು ಬರೀ ಏಳು ದಿನದ ಸಪ್ತಾಹವಾಗಿದ್ದಿರಿ. 2021ರಲ್ಲಿ ಮೊದಲ ಸಲ ಮಾಸದ ಪದವಿಗೆ ಏರಿದಿರಿ. ಬಡ್ತಿ ಸಿಕ್ಕ ಮೇಲೆ ಫ್ಲೆಕ್ಸಿನ ಅಳತೆಯೂ ಹಿಗ್ಗಬೇಕಾದದ್ದೇ. ತಾವು ಬಂದಿರೆಂದರೆ ಬಿಸಿಲಲ್ಲಿ ಮಕ್ಕಳ ಜಾಥಾ, ಗಣ್ಯರಿಂದ ಹಸಿರು ನಿಶಾನೆ, ಸಾಮೂಹಿಕ ಪ್ರತಿಜ್ಞೆ, ಪ್ರಬಂಧ ಸ್ಪರ್ಧೆ, ಚಿತ್ರಕಲಾ ಸ್ಪರ್ಧೆ, ಶಾಲು, ಹಾರ, ವಂದನಾರ್ಪಣೆ. ಅದೇ ಸುಮಾರಿಗೆ ಬಾದಾಮಿ ಹತ್ತಿರ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯೂ ನೆರೆಯುತ್ತದೆ. ಆ ಜಾತ್ರೆಗೆ ಹೋದವರು ಹೊಸ ಮನೆಗೆ ಬಾಗಿಲು ಚೌಕಟ್ಟು ಖರೀದಿ ಮಾಡಿ, ಗಾಡಿಗೆ ಹೇರಿಕೊಂಡು ಬರುತ್ತಾರೆ. ತಮ್ಮ ಜಾತ್ರೆಗೆ ಬಂದ ಹುಡುಗನ ಕೈಯಲ್ಲಿ ಉಳಿಯುವುದು ಒಂದು ಪ್ರಮಾಣಪತ್ರ. ಅವನು ಬಿಡಿಸಿದ ಸಿಗ್ನಲ್ ದೀಪ ಬಹಳ ಚೆನ್ನಾಗಿದೆ ಎಂದು ಅದರಲ್ಲಿ ಬರೆದಿರುತ್ತದೆ. ಅವನ ಊರಿಂದ ಹೈಸ್ಕೂಲಿನ ತನಕ ಸಿಗ್ನಲ್ ದೀಪ ಒಂದೂ ಇಲ್ಲ ಎಂಬುದು ಬೇರೆ ಮಾತು.

ತಮ್ಮ ಮೇಲೆ ನನಗೆ ಸಿಟ್ಟಿಲ್ಲ, ತಮ್ಮ ಪಂಚಾಂಗದ ಮೇಲೆ ಒಂದು ತಕರಾರಿದೆ. ನಮ್ಮಲ್ಲಿ ಶಾಲೆ ತೆರೆಯುವುದು ಮೇ ಕೊನೆಗೆ, ಇಲ್ಲವೆ ಜೂನ್ ಮೊದಲಿಗೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ ಹುಡುಗಿ ಪಕ್ಕದ ದೊಡ್ಡ ಊರಿನ ಹೈಸ್ಕೂಲಿಗೆ ಎಂಟನೆಯದಕ್ಕೆ ಸೇರುವುದು ಆಗಲೇ. ಪ್ರೌಢಶಾಲೆ 5 ಕಿಲೊಮೀಟರಿನೊಳಗೆ ಸಿಗಬೇಕೆಂಬುದು ಸರ್ಕಾರದ್ದೇ ಲೆಕ್ಕ. ಅಂದರೆ ಹೋಗಿ ಬರಲು ದಿನಕ್ಕೆ 10 ಕಿಲೊಮೀಟರ್ ಆದರೂ ಲೆಕ್ಕ ತಪ್ಪಲಿಲ್ಲ. ಹನ್ನೆರಡು ದಾಟಿದ ಮಗು ಅಲ್ಲಿಯವರೆಗೆ ಅಗಸಿಯೊಳಗೆ, ಗುಡಿಯ ಸುತ್ತ, ಕಣದಲ್ಲಿ ಸೈಕಲ್ ಹೊಡೆದದ್ದು. ಒಂದೇ ಬೆಳಗಿನಲ್ಲಿ ಅದು ರಾಜ್ಯ ಹೆದ್ದಾರಿಯ ಅಂಚಿಗೆ ಬಂದು ನಿಲ್ಲುತ್ತದೆ. ಕಲಿಸುವುದಾದರೆ ಆ ವಾರ ಕಲಿಸಬೇಕು. ತಾವು ಬರುವುದು ಏಳು ತಿಂಗಳ ನಂತರ. ಅಷ್ಟರಲ್ಲಿ ಅದು ಯಾರೂ ಹೇಳಿಕೊಡದೆ ಏನು ಕಲಿಯಬೇಕೋ ಅದನ್ನು ಕಲಿತು, ಕಲಿಯಬಾರದ್ದನ್ನೂ ಕಲಿತು, ದೇವರ ದಯದಿಂದ ಕ್ಷೇಮವಾಗಿರುತ್ತದೆ. ಕ್ಷೇಮವಾಗಿ ಉಳಿದವರನ್ನು ಸಾಲಾಗಿ ನಿಲ್ಲಿಸಿ ತಾವು ಪ್ರತಿಜ್ಞೆ ಬೋಧಿಸುತ್ತೀರಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 9,528 ಜನ ಹದಿನೆಂಟು ತುಂಬದವರು. ಇವರಾರೂ ಜನವರಿಯ ತನಕ ಕಾಯಲಿಲ್ಲ.

ಸೈಕಲ್ಲಿನ ಮಹತ್ವವನ್ನು ನಮ್ಮ ಸರ್ಕಾರ ತಿಳಿದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಬಂತು. ಮೊದಲು ಬಡ ಕುಟುಂಬದ ಹೆಣ್ಣುಮಕ್ಕಳಿಗೆ, ಮರುವರ್ಷದಿಂದ ಗಂಡುಮಕ್ಕಳಿಗೂ. ವರ್ಷಕ್ಕೆ ಸುಮಾರು 5 ಲಕ್ಷ ಸೈಕಲ್. ಕೋವಿಡ್ ಬಂದಾಗ ಯೋಜನೆ ನಿಂತಿತು. ರೋಗ ಹೋದ ಮೇಲೂ ಸೈಕಲ್ ಬರಲಿಲ್ಲ. ಅದೇ 2006ರಲ್ಲಿ ಬಿಹಾರವೂ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಡತೊಡಗಿತ್ತು. ಅಲ್ಲಿ ಏನಾಯಿತೆಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಳೆದು ನೋಡಿ 2017ರಲ್ಲಿ ಪ್ರಕಟಿಸಿದರು: ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತ್ತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿದಿತ್ತು. ಶಾಲೆ 3 ಕಿಲೊಮೀಟರಿಗಿಂತ ದೂರವಿದ್ದ ಊರುಗಳಲ್ಲೇ ಪರಿಣಾಮ ಹೆಚ್ಚು. ಸೈಕಲ್ ಓದಿಸುತ್ತದೆ ಎಂಬುದಕ್ಕೆ ಇನ್ನು ಸಾಕ್ಷಿ ಬೇಕಿಲ್ಲ. ಆದರೆ ನಮ್ಮಲ್ಲಿ ಆ ಯೋಜನೆಯ ಕಡತ ತೆಗೆದು ನೋಡಿದರೆ ಸಿಗುವುದು ಟೆಂಡರು, ಸರಬರಾಜು, ಜೋಡಣೆ, ವಿತರಣೆ. ವಿತರಣಾ ಸಮಾರಂಭದಲ್ಲಿ ಹುಡುಗಿ ಹ್ಯಾಂಡಲ್ ಹಿಡಿದು ನಿಂತ ಫೋಟೊ ತೆಗೆದರೆ ಅಲ್ಲಿಗೆ ಸರ್ಕಾರದ ಕೆಲಸ ಮುಗಿಯುತ್ತಿತ್ತು. ಅವಳಿಗೆ ಹೊಡೆಯಲು ಬರುತ್ತದೋ ಇಲ್ಲವೋ, ಬಂದರೂ ಲಾರಿ ಓಡಾಡುವ ರಸ್ತೆಯಲ್ಲಿ ಬರುತ್ತದೋ ಇಲ್ಲವೋ ಎಂಬ ಕಾಲಮ್ಮು ಯಾವ ನಮೂನೆಯಲ್ಲೂ ಇರಲಿಲ್ಲ.

ಆ ಕಾಲಮ್ಮನ್ನು ಮನೆಯವರು ತುಂಬುತ್ತಾರೆ. ಬಾಗಿಲಲ್ಲಿ ನಿಂತು ‘ಸಾವಕಾಶ ಹೋಗ ತಂಗಿ’ ಅನ್ನುತ್ತಾರೆ. ನಮ್ಮ ಜಿಲ್ಲೆಯ ಸಂಚಾರ ಶಿಕ್ಷಣದ ಪಠ್ಯ ಇಷ್ಟೇ. ಪುಸ್ತಕ ಬೇಡ, ಪರೀಕ್ಷೆ ಇಲ್ಲ. ಹೇಗೆ ಸಾವಕಾಶ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಬಲಕ್ಕೆ ತಿರುಗುವ ಮೊದಲು ಭುಜದ ಮೇಲಿಂದ ಹಿಂದೆ ನೋಡಬೇಕು, ನೋಡುವಾಗ ಹ್ಯಾಂಡಲ್ ಆ ಕಡೆಗೇ ವಾಲುತ್ತದೆ, ವಾಲದಂತೆ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು: ಇದು ಬಾಯಿಮಾತಿನಲ್ಲಿ ಬರುವ ವಿದ್ಯೆಯಲ್ಲ. ಪುಸ್ತಕದ ಚೀಲ ಹ್ಯಾಂಡಲಿಗೆ ತೂಗಿದರೆ ಸೈಕಲ್ ತಾನಾಗಿ ಒಂದು ಕಡೆ ಎಳೆಯುತ್ತದೆ, ಕ್ಯಾರಿಯರ್ ಮೇಲೆ ಕಟ್ಟಿದರೆ ಎಳೆಯುವುದಿಲ್ಲ. (ಬಾದಾಮಿಯಲ್ಲಂತೂ ಹ್ಯಾಂಡಲಿಗೆ ತೂಗುಹಾಕಿದ ಬುತ್ತಿಚೀಲದ ಬಗ್ಗೆ ಮಂಗಗಳ ಅಭಿಪ್ರಾಯ ಏನೆಂದು ಎಲ್ಲರಿಗೂ ಗೊತ್ತು.) ಎಲ್ಲಕ್ಕಿಂತ ಮುಖ್ಯವಾದದ್ದು ಕಬ್ಬಿನ ಟ್ರ್ಯಾಕ್ಟರ್. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಎಡಕ್ಕೆ ಹೊರಳುವಾಗ ಎಂಜಿನ್ ಹೋದ ದಾರಿಯಲ್ಲಿ ಹಿಂದಿನ ಟ್ರೇಲರ್ ಹೋಗುವುದಿಲ್ಲ. ಅದು ಒಳಕ್ಕೆ, ಎಡಕ್ಕೆ, ರಸ್ತೆಯ ಅಂಚನ್ನು ಕೊಯ್ದುಕೊಂಡು ಬರುತ್ತದೆ. ನಿಯಮ ಪಾಲಿಸಿ ಎಡಬದಿಗೆ ನಿಂತ ಸೈಕಲ್ ಸಿಕ್ಕಿಕೊಳ್ಳುವುದು ಸರಿಯಾಗಿ ಅಲ್ಲಿಯೇ. ಚಾಲಕನಿಗೆ ಹಿಂದಿನದು ಕಾಣುವುದಿಲ್ಲ, ಅವನ ಸ್ಪೀಕರಿನ ಹಾಡಿನಲ್ಲಿ ಸೈಕಲ್ ಗಂಟೆ ಕೇಳುವುದೂ ಇಲ್ಲ. ‘ಎಡಬದಿಯಲ್ಲಿ ಚಲಿಸಿ’ ಎಂದು ತಾವು ಕಲಿಸಿದ ಮಗುವಿಗೆ ‘ಹೊರಳುವ ಟ್ರೇಲರಿನ ಎಡಬದಿಗೆ ಮಾತ್ರ ಹೋಗಬೇಡ’ ಎಂದೂ ಕಲಿಸಬೇಕು. ತಮ್ಮ ಪ್ರತಿಜ್ಞೆಯಲ್ಲಿ ಹೆಲ್ಮೆಟ್ ಇದೆ, ಸೀಟ್ ಬೆಲ್ಟ್ ಇದೆ. ಕಬ್ಬು ಇಲ್ಲ.

ಇದಕ್ಕೆ ಹಿರಿಯರು ತಕ್ಷಣ ಹೇಳುವುದನ್ನು ಬಲ್ಲೆ. ‘ನಾವೇನು ಕ್ಲಾಸಿಗೆ ಹೋಗಿ ಕಲಿತೆವೇ? ತಾಸಿನ ಬಾಡಿಗೆಗೆ ಸೈಕಲ್ ತಂದು, ಒಳಪೆಡಲ್ ಹೊಡೆದು, ಮೊಣಕಾಲು ಕೆತ್ತಿಸಿಕೊಂಡು ಕಲಿತೆವು.’ ನಿಜ. ಅವರು ಕಲಿತದ್ದು ಬೀಳದೆ ಇರುವುದನ್ನು. ಅದು ಈಗಲೂ ಹಾಗೆಯೇ ಬರುತ್ತದೆ, ಅದಕ್ಕೆ ಮಾಸ್ತರು ಬೇಡ. ಅಂದು ಸೊಲ್ಲಾಪುರದಿಂದ ಹುನಗುಂದ, ಇಳಕಲ್ ಮೇಲೆ ಹಾದುಹೋಗುತ್ತಿದ್ದ ಹೆದ್ದಾರಿ 13ರಲ್ಲಿ ಎದುರಿಗೆ ಲಾರಿ ಬಂದರೆ ಎರಡೂ ಲಾರಿಗಳು ಟಾರು ಬಿಟ್ಟು ಮಣ್ಣಿಗೆ ಇಳಿಯಬೇಕಿತ್ತು. ವೇಗಕ್ಕೆ ರಸ್ತೆಯೇ ಲಗಾಮು. ಇಂದು ಅದೇ ರಸ್ತೆ ನಮ್ಮ ಜಿಲ್ಲೆಯಲ್ಲಿ ಹೆದ್ದಾರಿ 50 ಆಗಿ, ನಡುವೆ ವಿಭಜಕ ಹೊತ್ತುಕೊಂಡು, ನಾಲ್ಕು ಪಥದಲ್ಲಿ ಹರಿಯುತ್ತಿದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಬಂಡೆ ಹೊತ್ತ ಲಾರಿಯೂ ಅಲ್ಲಿಯೇ, ಹೊಸಪೇಟೆಗೆ ಹೊರಟ ಕಾರೂ ಅಲ್ಲಿಯೇ. ಮೊಣಕಾಲು ಕೆತ್ತಿಸಿಕೊಂಡು ಕಲಿಯುವ ಅವಕಾಶವನ್ನು ಈ ರಸ್ತೆ ಕೊಡುವುದಿಲ್ಲ.

ಹಾಗಾದರೆ ಎಲ್ಲಿ ಕಲಿಸುವುದು, ಯಾರು ಕಲಿಸುವುದು? ಜಾಗಕ್ಕೆ ಬಡತನವಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಒಂದು ಭಾಗವನ್ನು ಕೊಟ್ಟು ಬಾಗಲಕೋಟೆ ಪಡೆದದ್ದು ನವನಗರ: ಸೆಕ್ಟರ್ ಸೆಕ್ಟರಿಗೆ ಅಳೆದು ಹಾಕಿದ ಅಗಲ ರಸ್ತೆ, ಲಂಬಕೋನದ ತಿರುವು, ವೃತ್ತ. ಸಂಚಾರ ಕಲಿಸಲೆಂದೇ ಕಟ್ಟಿದ ಊರಿನಂತಿದೆ. ಭಾನುವಾರ ಬೆಳಿಗ್ಗೆ ಒಂದು ಸೆಕ್ಟರಿನ ಒಳರಸ್ತೆಗೆ ಎರಡು ಬ್ಯಾರಿಕೇಡ್ ಇಟ್ಟರೆ ಮುಗಿಯಿತು. ಕಲಿಸುವವರಿಗೂ ಬಡತನವಿಲ್ಲ. ಬಾಗಲಕೋಟೆ, ವಿಜಯಪುರ ಎಂದರೆ ರಾಜ್ಯದ ಸೈಕ್ಲಿಂಗ್ ಕ್ರೀಡೆಯ ತವರು. ಕ್ರೀಡಾ ಇಲಾಖೆ ಸೈಕ್ಲಿಂಗಿಗಾಗಿಯೇ ಇಲ್ಲಿ ವಸತಿನಿಲಯ ನಡೆಸುತ್ತದೆ, ಇಲ್ಲಿಯ ರೈತರ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಾರೆ. ದೇಶಕ್ಕೆ ಸೈಕಲ್ ಪಟುಗಳನ್ನು ಕೊಡುವ ಜಿಲ್ಲೆಗೆ ಎಂಟನೆಯ ತರಗತಿಗೆ ಕೈಸನ್ನೆ ಕಲಿಸಲು ಜನ ಸಿಗುವುದಿಲ್ಲ ಎಂದರೆ ತಾವು ನಂಬುತ್ತೀರಾ? ದೈಹಿಕ ಶಿಕ್ಷಕರಿಲ್ಲದ ಶಾಲೆಗಳಿವೆ, ಒಪ್ಪಿದೆ. ಆದರೆ ಇದಕ್ಕೆ ಪದವಿ ಬೇಡ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೆಯ ಸಾಕ್ಷರತಾ ಆಂದೋಲನ ಸಾವಿರಾರು ಹಳ್ಳಿಯ ಹೆಂಗಸರಿಗೆ ಅಕ್ಷರದ ಜೊತೆಗೇ ಸೈಕಲ್ ಕಲಿಸಿತು. ಕಲಿಸಿದವರು ಮೊದಲು ಕಲಿತ ಹೆಂಗಸರೇ. ಅಲ್ಲಿ ಸೈಕಲ್ ಸವಾರಿ ಪಾಠವಾಗಿತ್ತು. ಇಲ್ಲಿ ಸೈಕಲ್ ಸಾಮಾನಾಯಿತು.

ಈಗ ನಿಜವಾಗಿ ಗಟ್ಟಿಯಾದ ಆಕ್ಷೇಪ. ರಸ್ತೆ ಕೆಟ್ಟಿದ್ದರೆ, ಲಾರಿಯವನು ಕುಡಿದಿದ್ದರೆ, ಮಗು ಎಷ್ಟು ಕಲಿತರೇನು? ದೊಡ್ಡವರ ತಪ್ಪಿಗೆ ಮಗುವಿಗೇ ಪಾಠ ಹೇಳುವುದು ಯಾವ ನ್ಯಾಯ? ಇದನ್ನು ತಳ್ಳಿಹಾಕಲಾರೆ. ನೆದರ್‌ಲ್ಯಾಂಡ್ಸಿನಲ್ಲಿ 1971ರಲ್ಲಿ ರಸ್ತೆಯಲ್ಲಿ ಸತ್ತ 3,000ಕ್ಕೂ ಹೆಚ್ಚು ಜನರಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದರು. ಅಲ್ಲಿಯ ತಂದೆತಾಯಿಗಳು ಮಕ್ಕಳಿಗೆ ಇನ್ನಷ್ಟು ಬುದ್ಧಿ ಹೇಳುತ್ತ ಕೂರಲಿಲ್ಲ. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಬೀದಿಗಿಳಿದರು, ಸೈಕಲ್ಲಿಗೆ ಬೇರೆ ದಾರಿ ಪಡೆದರು. ಆದರೂ ಆ ದೇಶ ಪಾಠ ಬಿಡಲಿಲ್ಲ. ಇಂದಿಗೂ ಅಲ್ಲಿ ಹನ್ನೊಂದು, ಹನ್ನೆರಡರ ಮಕ್ಕಳಿಗೆ ಊರಿನ ನಿಜವಾದ ರಸ್ತೆಯಲ್ಲೇ ಸೈಕಲ್ ಪರೀಕ್ಷೆ ನಡೆಯುತ್ತದೆ. ನಾನು ಪಾಠ ಕೇಳುತ್ತಿರುವುದಕ್ಕೆ ಅರ್ಧ ಕಾರಣ ಇಲ್ಲಿದೆ. ಮೂವತ್ತು ಮಕ್ಕಳನ್ನು ಸಾಲಾಗಿ ಅವರು ದಿನಾ ಹೋಗುವ ದಾರಿಯಲ್ಲೇ ಕರೆದೊಯ್ಯುವ ಮಾಸ್ತರಿಗೆ ಆ ದಾರಿಯ ಹುಳುಕು ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಹೆದ್ದಾರಿಯ ಕೆಳದಾರಿ ಎಷ್ಟು ದೂರವಿದೆ, ಅಷ್ಟು ಸುತ್ತಲಾರದೆ ವಿಭಜಕದ ಯಾವ ಸಂದಿಯಲ್ಲಿ ಸೈಕಲ್ ಎತ್ತಿ ದಾಟಿಸುತ್ತಾರೆ, ಸರ್ವೀಸ್ ರಸ್ತೆಯಲ್ಲಿ ಎದುರಿನಿಂದ ಎಷ್ಟು ಬೈಕು ಬರುತ್ತವೆ, ಬಾದಾಮಿಯ ಮುಖ್ಯರಸ್ತೆಯಲ್ಲಿ ಪ್ರವಾಸಿ ಬಸ್ಸು ನಿಂತಾಗ ಸೈಕಲ್ಲಿಗೆ ಉಳಿಯುವುದು ಎಷ್ಟು ಮೊಳ. ಇದನ್ನೆಲ್ಲ ಬರೆದು ಕಳಿಸಿದರೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯ ಸಭೆಗೆ ಚಹಾ-ಚೂಡಾದ ಜೊತೆಗೆ ಒಂದು ವಿಷಯವೂ ಸಿಕ್ಕಂತಾಗುತ್ತದೆ.

ಬಸ್ಸಿದೆಯಲ್ಲ ಎನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ ಉಚಿತ, ಬಹಳ ಒಳ್ಳೆಯದಾಯಿತು. ಆದರೆ ಬಸ್ಸು ನಿಲ್ಲುವುದು ಕ್ರಾಸಿನಲ್ಲಿ, ಮನೆಯಿರುವುದು ಊರಲ್ಲಿ. ಮತ್ತು ಎಸ್ಸೆಸ್ಸೆಲ್ಸಿ ವಿಶೇಷ ತರಗತಿ ಮುಗಿಯುವ ಹೊತ್ತನ್ನು ಬಸ್ಸು ಕೇಳಿಕೊಂಡು ಹೊರಡುವುದಿಲ್ಲ. ಡಿಸೆಂಬರಿನಲ್ಲಿ ಸಂಜೆ ಆರಕ್ಕೆ ಕತ್ತಲು, ಅದೇ ಕಬ್ಬಿನ ಹಂಗಾಮು. ಸೈಕಲ್ಲಿನ ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಇರಬೇಕಾದದ್ದು ಆಗ. ಇನ್ನು ಮಗನಿಗೆ ಸ್ಕೂಟಿ ಕೊಡಿಸಿ ನಿಶ್ಚಿಂತರಾದ ಪಾಲಕರಿದ್ದಾರೆ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 199ಎ ಕಲಮು ಅವರಿಗಾಗಿಯೇ ಬರೆದದ್ದು: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆ, ಮಗನಿಗೆ ಇಪ್ಪತ್ತೈದು ತುಂಬುವ ತನಕ ಲೈಸೆನ್ಸ್ ಇಲ್ಲ. ಸೈಕಲ್ ಅಪಾಯವೆಂದು ಹೆದರಿ ಅದಕ್ಕಿಂತ ಮೂರು ಪಟ್ಟು ವೇಗದ ಗಾಡಿ ಕೊಡಿಸುವ ತರ್ಕವನ್ನು ತಮ್ಮ ಪ್ರಬಂಧ ಸ್ಪರ್ಧೆಗೆ ವಿಷಯವಾಗಿ ಇಡಬಹುದು. ಸ್ಪರ್ಧಿಗಳು ಪಾಲಕರೇ ಆಗಲಿ.

ಆದ್ದರಿಂದ ಬಿನ್ನಹ ಇಷ್ಟೇ. ತಮ್ಮ ಮೂವತ್ತು ದಿನಗಳಲ್ಲಿ ಹತ್ತನ್ನು ಜೂನ್‌ಗೆ ವರ್ಗ ಮಾಡಿ. ಎಂಟನೆಯ ತರಗತಿಯ ವೇಳಾಪಟ್ಟಿಯ ಆಟದ ಅವಧಿಗಳನ್ನು ಆ ಹತ್ತು ದಿನ ಸೈಕಲ್ಲಿಗೆ ಬಿಡಿಸಿಕೊಡಿ: ಮೊದಲು ಬ್ರೇಕ್, ಚೈನು, ಗಂಟೆ ನೋಡುವುದು, ಆಮೇಲೆ ಮೈದಾನದಲ್ಲಿ ಹಿಂದೆ ನೋಡುವುದು, ಕೈ ತೋರಿಸುವುದು, ನಿಂತ ಟ್ರ್ಯಾಕ್ಟರಿನ ಸುತ್ತ ನಡೆದು ಚಾಲಕನ ಸೀಟಿನಿಂದ ಏನು ಕಾಣುವುದಿಲ್ಲ ಎಂದು ಒಬ್ಬೊಬ್ಬರನ್ನೇ ಹತ್ತಿಸಿ ತೋರಿಸುವುದು, ಕೊನೆಗೆ ಮಾಸ್ತರ ಜೊತೆ ನಿಜವಾದ ದಾರಿ. ಖರ್ಚು ಒಂದು ಫ್ಲೆಕ್ಸಿನಷ್ಟೂ ಆಗಲಿಕ್ಕಿಲ್ಲ. ಮುಖ್ಯ ಅತಿಥಿಗಳು ಬರಲೇಬೇಕೆಂದರೆ ಬರಲಿ, ಹಾರವನ್ನೂ ಹಾಕೋಣ. ನಿಶಾನೆ ಮಾತ್ರ ಅವರ ಕೈಗೆ ಕೊಡುವುದು ಬೇಡ, ಒಂದು ಸೈಕಲ್ ಕೊಡೋಣ. ಇಳಕಲ್ಲಿನ ಕಡೆಯಿಂದ ಹುನಗುಂದಕ್ಕೆ, ಶಾಲೆ ಬಿಡುವ ಹೊತ್ತಿಗೆ, ಮಕ್ಕಳ ಸಾಲಿನ ಕೊನೆಯಲ್ಲಿ ತುಳಿದುಕೊಂಡು ಬರಲಿ. ಅವರ ಗನ್‌ಮ್ಯಾನ್ ಮತ್ತು ಬೆಂಗಾವಲು ಜೀಪು ಅಂದು ರಜೆಯ ಮೇಲಿರಲಿ. ಭಾಷಣ ಬರೆದುಕೊಂಡು ಬರಬೇಕಿಲ್ಲ. ಅಲ್ಲಿ ಇಳಿದ ಮೇಲೆ ಅವರಿಗೆ ಹೇಳಲು ಬೇಕಾದಷ್ಟು ಇರುತ್ತದೆ.

ಉತ್ತರದ ನಿರೀಕ್ಷೆಯಲ್ಲಿ,
ಬಾಗಲಕೋಟೆ ಜಿಲ್ಲೆಯ ಒಬ್ಬ ತೆರಿಗೆದಾರ